ಶಿವಗಂಗಾ ಸಹಿ ಹಾಕಲಿಲ್ಲ

2004ರಲ್ಲಿ ತೆಲುಗು ನಾಡಿನ ರಾಜಧಾನಿಯ ಬಡಾವಣೆ ಕೂಕಟ್‌ಪಲ್ಲಿಯ ಕನ್ನಡ ಶಾಲೆಯೊಂದಕ್ಕೆ ಗುರುಶಾಂತ ಮೊದಲ ಸಲ ಬಂದಾಗ, ಕಂಪ್ಯೂಟರ್ ರಿಪೇರಿಯವನೆಂದುಕೊಂಡು ಟೀಚರ್ ಶಿವಗಂಗಾ ಒಳಗೆ ಬಿಟ್ಟಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಮೂರನೇ ಕ್ಲಾಸಿನ ಮಕ್ಕಳೆಲ್ಲ ಅವನನ್ನು ಮುತ್ತಿಕೊಂಡು ವಿಡಿಯೋ ಗೇಮ್ ಆಡುತ್ತಿದ್ದರು.

“ಇದು ಗಣಿತದ ಪಿರಿಯಡ್ ರೀ.”

“ಗಣಿತಾನೇ ಮಾಡಾಕತ್ತೀವ್ರಿ.”

ಅವನ ಕಣ್ಣಿನ ತುಂಟತನ ಕಂಡು ಅವಳ ಸಿಟ್ಟು ಅರ್ಧಕ್ಕೇ ನಿಂತಿತು.

ಗೇಮ್ ಕಂಪನಿಯೊಂದರಲ್ಲಿದ್ದ ಅವನು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗಾಗಿಯೇ ಈ ಆಟ ತಯಾರಿಸಿದ್ದ. ಲೆಕ್ಕ ತಪ್ಪಿದರೆ ಪರದೆಯ ಮೇಲಿನ ಗೋಡೆ ಕುಸಿಯುತ್ತಿತ್ತು. ಮುಂದೆ ಪ್ರತಿ ಶನಿವಾರ ಬಂದ. ಆಟ ಮುಗಿದ ಮೇಲೆ ಶಿವಗಂಗಾ ಮಕ್ಕಳಿಂದ ಅಂಗಳದಲ್ಲಿ ನಿಜವಾದ ಮನೆಯ ನಕ್ಷೆ ಹಾಕಿಸುತ್ತಿದ್ದಳು. ಅಳತೆ ಟೇಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಅಳತೆ ಮುಗಿದರೂ ಇಬ್ಬರೂ ಬಿಡುತ್ತಿರಲಿಲ್ಲ.

ಒಂದು ದಿನ ಹೆಡ್‌ಮಾಸ್ಟರ್ ಮಾಣಿಕಪ್ಪ ಬಂದು ಭವಾನಿಯೆಂಬ ಹುಡುಗಿಯನ್ನು ಹನ್ನೆರಡರ ಮಗ್ಗಿ ಕೇಳಿದರು. ಬರಲಿಲ್ಲ. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ಕೋಣೆಗೆ ಒಂದಡಿಯ ಟೈಲ್ಸ್ ಎಷ್ಟು ಬೇಕೆಂದು ಶಿವಗಂಗಾ ಕೇಳಿದಳು.

“ಹತ್ತು ಸಾಲಿಗೆ ತೊಂಬತ್ತು, ಇನ್ನೆರಡು ಸಾಲಿಗೆ ಹದಿನೆಂಟು. ನೂರಾ ಎಂಟ್ರಿ ಟೀಚರ್.”

ಮಗ್ಗಿಯಿಲ್ಲದ ಗಣಿತವನ್ನು ಮಾಣಿಕಪ್ಪ ಒಪ್ಪಲಿಲ್ಲ. ಇನ್ನು ಕ್ಲಾಸಿನಲ್ಲಿ ಆಟವಿಲ್ಲವೆಂಬ ಕಾಗದಕ್ಕೆ ಸಹಿ ಹಾಕಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದರು. ಅವಳ ನೌಕರಿ ಉಳಿಯಲೆಂದು ಗುರುಶಾಂತ ತಾನೇ ಕಂಪ್ಯೂಟರಿನ ವೈರ್ ಕೀಳಲು ಹೋದ. ಶಿವಗಂಗಾಳಿಗೆ ಹೆಡ್‌ಮಾಸ್ಟರಿಗಿಂತ ಅವನ ಮೇಲೆಯೇ ಹೆಚ್ಚು ಸಿಟ್ಟು ಬಂತು.

“ಮೊದಲು ಆ ವೈರ್ ಬಿಡ್ರಿ. ನನ್ನ ನೌಕರಿ ಚಿಂತಿ ನನಗಿರಲಿ.”

ಸಹಿಯಿಲ್ಲದ ಕಾಗದವನ್ನು ಮೇಜಿನ ಮೇಲಿಟ್ಟು ಹೊರನಡೆದಳು.

ಅದೇ ವಾರ ಭವಾನಿಯ ಅಪ್ಪ ಕೂಲಿಕಾರರ ಕಾಲೊನಿಯಲ್ಲಿ ಪಾಠಕ್ಕೆಂದು ಒಂದು ತಗಡಿನ ಶೆಡ್ ಖಾಲಿ ಮಾಡಿಸಿಕೊಟ್ಟ. ಗುರುಶಾಂತ ತನ್ನ ಮನೆಯ ಕಂಪ್ಯೂಟರ್ ಹೊತ್ತು ತಂದ. ಮೊದಲ ದಿನದ ಪಾಠ ಮುಗಿದು ಮಕ್ಕಳು ಹೋದರೂ ಅವನ ಮುಖ ಬಾಡಿಯೇ ಇತ್ತು. ತನ್ನಿಂದಾಗಿ ಅವಳ ಕೆಲಸ ಹೋಯಿತೆಂದ.

“ಹೋಗಿಲ್ಲ, ನಾನೇ ಬಿಟ್ಟೀನಿ. ಯಾಕಂತ ಕೇಳಿದ್ರ ಎರಡು ಕಾರಣ ಅದಾವ. ಒಂದು, ಈ ಹುಡುಗ್ರು.”

“ಇನ್ನೊಂದು?”

ಅವಳು ದೃಷ್ಟಿ ತಪ್ಪಿಸಲಿಲ್ಲ. “ಎದುರಿಗೇ ನಿಂತೈತಿ. ಮದುವಿ ಮಾತೂ ನಾನೇ ಆಡಬೇಕೇನ್ರಿ?”

ಗುರುಶಾಂತನ ಕಿವಿ ಕೆಂಪಾಯಿತು. ಸಂಜೆಯೇ ನಗರದ ಇನ್ನೊಂದು ಬದಿಯ ತಾರ್ನಾಕಕ್ಕೆ ಹೋಗಿ ಅವಳ ತಂದೆಯನ್ನು ಕೇಳಿದ. ಸರ್ಕಾರಿ ನೌಕರಿಯ ಅಳಿಯನೇ ಬೇಕೆಂದಿದ್ದ ಅವರು ಸುತರಾಂ ಆಗದೆಂದರು. ಶಿವಗಂಗಾ ಅಪ್ಪನ ಆ ಮಾತಿಗೂ ಸಹಿ ಹಾಕಲಿಲ್ಲ.

ಆ ಶ್ರಾವಣದಲ್ಲಿ, ಮಕ್ಕಳು ಕಟ್ಟಿದ ಕಾಗದದ ತೋರಣದ ಕೆಳಗೆ, ಅದೇ ಶೆಡ್ಡಿನಲ್ಲಿ ಅವರಿಬ್ಬರ ಮದುವೆಯಾಯಿತು.