ನಲವತ್ತೊಂದು ಚೀಟಿಗಳಲ್ಲಿ ಒಂದೇ ಹೆಸರು

ಅರವತ್ತೆರಡು ಚೀಟಿಗಳಲ್ಲಿ ನಲವತ್ತೊಂದರಲ್ಲಿ ಒಂದೇ ಹೆಸರಿತ್ತು. ಮೂರು ಸಲ ಎಣಿಸಿದೆ. ಕನ್ನಡಕ ಒರೆಸಿಕೊಂಡು ನಾಲ್ಕನೆಯ ಸಲವೂ ಎಣಿಸಿದೆ. ನಿಮ್ಮ ಮೆಚ್ಚಿನ ಕಾಮಿಡಿಯನ್ ಯಾರು ಎಂಬ ಪ್ರಶ್ನೆಗೆ ನಂಜನಗೂಡಿನ ನಮ್ಮ ಕಾಲೇಜಿನ ನಲವತ್ತೊಂದು ಮಕ್ಕಳು ಬರೆದಿದ್ದರು: ಸೋಮಶೇಖರ್ ಸಾರ್, ಎಕನಾಮಿಕ್ಸ್.

ಆ ಮನುಷ್ಯ ನಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಅವರನ್ನು ಮದುವೆಯಾಗುವುದಿಲ್ಲ ಎಂದಿದ್ದೆ.

ಏಪ್ರಿಲ್‌ನಲ್ಲಿ ಅವರು ಮೂಗೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದರು. ಟಿ. ನರಸೀಪುರದಿಂದ, ತಾಯಿ ಗುರುಬಸಮ್ಮನವರ ಜೊತೆ. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬರುವುದಕ್ಕೂ, ಸಂಬಂಧ ತಂದಿದ್ದ ಬೆಟ್ಟಸ್ವಾಮಿ ಮಾಮನ ಪ್ಲಾಸ್ಟಿಕ್ ಕುರ್ಚಿ ಲಟಕ್ಕನೆ ಮುರಿದು ಅವರು ಕಾಲು ಮೇಲೆ ಮಾಡಿಕೊಂಡು ಬೀಳುವುದಕ್ಕೂ ಸರಿಹೋಯಿತು. ಅಪ್ಪಾಜಿ ನಕ್ಕರು. ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಬಿದ್ದ ಮಾಮನೇ ನಕ್ಕರು. ನಗದೆ ಕುಳಿತವರು ಒಬ್ಬರೇ. ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು, ಎಡಗೆನ್ನೆಯಲ್ಲೊಂದು ಸಣ್ಣ ಗುಳಿ. ಸಿಡುಕಿನ ಗುಳಿ ಅಂದುಕೊಂಡೆ.

"ಅಪ್ಪಾಜಿ, ಆ ಮುಖ ನೋಡ್ಕೊಂಡು ಒಂದು ಪ್ಲೇಟ್ ಉಪ್ಪಿಟ್ಟು ತಿನ್ನೋಕಾಗಲ್ಲ. ಸಂಸಾರ ಹೆಂಗೆ ಮಾಡ್ಲಿ?" ಎಂದೆ. ಅಪ್ಪಾಜಿ ನನ್ನ ಮಾತು ಮೀರಲಿಲ್ಲ.

ಜೂನ್‌ನಲ್ಲಿ ಈ ಕಾಲೇಜಿಗೆ ಇಂಗ್ಲಿಷ್ ಅತಿಥಿ ಉಪನ್ಯಾಸಕಿಯಾಗಿ ಸೇರಿದ ದಿನ ಸ್ಟಾಫ್ ರೂಮಿನ ಬಾಗಿಲು ತೆಗೆದರೆ ಎದುರಿಗೆ ಅದೇ ಮುಖ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಅವರು ಎದ್ದು, "ನಮಸ್ತೆ ಮೇಡಂ" ಎಂದು ಸೀಮೆಸುಣ್ಣ ತೆಗೆದುಕೊಂಡು ಹೊರಟುಹೋದರು. ಅಲ್ಲಿಂದಾಚೆಗೆ ನನ್ನೊಡನೆ ಅವರ ಮಾತು "ಹೂಂ", "ಸರಿ", "ಆಯ್ತು" ದಾಟಿರಲಿಲ್ಲ. ಸಂಜೆ ಇಬ್ಬರದೂ ಒಂದೇ ನರಸೀಪುರದ ಬಸ್ಸು. ಯಾವಾಗಲೂ ನನಗಿಂತ ಎರಡು ಸೀಟು ಮುಂದೆ ಕೂರುತ್ತಿದ್ದರು. ಆ ಕತ್ತಿನ ಹಿಂಭಾಗ, ಬಿಗಿಯಾಗಿ ಇಸ್ತ್ರಿಯಾದ ಕಾಲರು, ಇವಿಷ್ಟೇ ನನಗೆ ಕಾಣುತ್ತಿದ್ದವು. ಯಾಕೆ ಅಷ್ಟು ನೋಡುತ್ತಿದ್ದೆ ಎಂದು ಕೇಳಬೇಡಿ.

ಚೀಟಿಗಳ ಉಪದ್ವ್ಯಾಪ ಪ್ರಿನ್ಸಿಪಾಲರದು. ಕಾಲೇಜ್ ಡೇಗೆ ಒಬ್ಬ ಕಾಮಿಡಿಯನ್ ಬೇಕು, ಲೈಬ್ರರಿಗೆ ಈ ವಯಸ್ಸಿನ ಮಕ್ಕಳು ಓದುವ ಫ್ಯಾಂಟಸಿ ಕಾದಂಬರಿಗಳು ಬೇಕು, ಎರಡನ್ನೂ ಮಕ್ಕಳನ್ನೇ ಕೇಳಿ ಪಟ್ಟಿ ಮಾಡಿ ಎಂದು ನನ್ನ ತಲೆಗೆ ಕಟ್ಟಿದ್ದರು. ಕಾಮಿಡಿಯನ್ ಸಾಲಿನಲ್ಲಿ ಒಬ್ಬ ತನ್ನ ಚಿಕ್ಕಪ್ಪನ ಹೆಸರು ಫೋನ್ ನಂಬರ್ ಸಮೇತ ಬರೆದಿದ್ದ. ಕಾದಂಬರಿ ಸಾಲಿನಲ್ಲಿ "ಡ್ರ್ಯಾಗನ್ ಇರೋ ಯಾವುದಾದ್ರೂ, ತೆಳ್ಳಗಿರಲಿ" ಎಂದಿತ್ತು ಒಂದು ಚೀಟಿ. ಇನ್ನೊಂದು, "ಕನ್ನಡದಲ್ಲಿದ್ರೆ ಐನೂರು ಪುಟನೂ ಓದ್ತೀನಿ ಮ್ಯಾಮ್, ಪ್ರಾಮಿಸ್."

ಲಿಖಿತಾಳ ಚೀಟಿಯಲ್ಲಿ ಮಾತ್ರ ಎರಡೂ ಸಾಲಿಗೆ ಒಂದೇ ಉತ್ತರ. ಕಾಮಿಡಿಯನ್, ಸೋಮಶೇಖರ್ ಸಾರ್. ಕಾದಂಬರಿ, ಸೋಮಶೇಖರ್ ಸಾರ್ ಹೇಳೋ "ನಗದ ರಾಜಕುಮಾರ", ಇನ್ನೂ ಬುಕ್ ಆಗಿಲ್ಲ.

ಕಾರಿಡಾರಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. "ತಮಾಷೆ ಮಾಡ್ತಿದೀಯಾ?"

"ಅಯ್ಯೋ ಇಲ್ಲ ಮ್ಯಾಮ್! ಶುಕ್ರವಾರ ಪಾಠ ಮುಗಿದ್ಮೇಲೆ ಹತ್ತು ನಿಮಿಷ ಹೇಳ್ತಾರೆ. ನಕ್ಕೂ ನಕ್ಕೂ ಹೊಟ್ಟೆನೋವು ಬರುತ್ತೆ. ಇವತ್ತೂ ಐತೆ, ಮೇಲ್ಗಡೆ ಮೂಲೆ ರೂಮು."

ಕದ್ದು ಕೇಳುವುದು ತಪ್ಪು ಎಂದು ಮಕ್ಕಳಿಗೆ ಹೇಳುವವಳು ನಾನು. ಮೂರೂ ಮುಕ್ಕಾಲಿಗೆ ಆ ಮೂಲೆ ರೂಮಿನ ಕಿಟಕಿಯ ಪಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದೆ.

ಒಳಗಿನ ದನಿ ಅವರದೇ. ಆದರೆ ಅದು ಕುಣಿಯುತ್ತಿತ್ತು.

"ಮೊದಲ್ನೇ ಅರಮನೇಲಿ ನಮ್ಮ ರಾಜಕುಮಾರ ನಕ್ಕ. ಹುಡುಗಾಟದೋನು, ಬೇಡ ಅಂದ್ರು. ಎರಡನೇ ಅರಮನೇಲೂ ನಕ್ಕ. ಕುಡ್ಕೊಂಡು ಬಂದವ್ನೆ ಅಂದ್ರು! ಮೂರನೇದಕ್ಕೆ ಹೊರಡೋವಾಗ ಅವನ ತಾಯಿ ಮಹಾರಾಣಿ ತನ್ನ ತಲೆ ಮೇಲೆ ಕೈ ಇಡಿಸ್ಕೊಂಡು ಆಣೆ ತಗೊಂಡ್ಳು. ನೀನು ಹಲ್ಲು ಬಿಟ್ರೆ ನನ್ನಾಣೆ! ಸರಿ, ಹೋಗಿ ಕೂತ. ಚಿನ್ನದ ತಟ್ಟೇಲಿ ಉಪ್ಪಿಟ್ಟು ಹಿಡ್ಕೊಂಡು ರಾಣಿ ಬಂದ್ಳು. ಅದೇ ಗಳಿಗೇಲಿ ಮುದಿ ಮಂತ್ರಿಯ ಸಿಂಹಾಸನದ ಕಾಲು..." ಸದ್ದು ಮಾಡಿ ತೋರಿಸಿದರು. "ಲಟಕ್!"

ಕ್ಲಾಸು ಹೋ ಎಂದಿತು. ನನ್ನ ಕೈಯಿಂದ ಚೀಟಿಗಳ ಕಟ್ಟು ಜಾರಿ ಬಿತ್ತು. ಮುದಿ ಮಂತ್ರಿ ಬೆಟ್ಟಸ್ವಾಮಿ ಮಾಮ. ಆ ಅರಮನೆ ನಮ್ಮ ಮನೆ.

"ನಗಬಾರದಲ್ಲ, ರಾಜಕುಮಾರ ಕೆನ್ನೆ ಒಳಗಡೆ ಕಚ್ಕೊಂಡ. ರಕ್ತ ಬಂತು. ರಾಣೀನ ನೋಡಿದ್ರೆ ನಗು ಬಂದುಬಿಡುತ್ತೆ ಅಂತ ಗೋಡೆ ನೋಡ್ದ. ಮನಸಾರೆ ನೋಡ್ಬೇಕಾದವಳನ್ನ ನೋಡ್ದೇ ಬಂದ."

"ರಾಣಿ ಏನಂದ್ಲು ಸಾರ್?" ಲಿಖಿತಾಳ ದನಿ.

"ಬೇಡ ಅಂದ್ಲು. ಅವಳದೇನೂ ತಪ್ಪಿಲ್ಲ. ಕಲ್ಲನ್ನ ಯಾರು ಕಟ್ಕೋತಾರೆ? ಈಗ ಇಬ್ರೂ ದಿನಾ ಒಂದೇ ಹಾರೋ ಜಮಖಾನದಲ್ಲಿ ಊರಿಗೆ ಹೋಗ್ತಾರೆ. ಅವನು ಎರಡು ಸಾಲು ಮುಂದೆ ಕೂರ್ತಾನೆ."

"ಯಾಕ್ ಸಾರ್ ಮುಂದೆ?"

"ಹಿಂದೆ ಕೂತ್ರೆ ನೋಡ್ತಾನೇ ಇರ್ತಾನಲ್ಲ, ಅದಕ್ಕೆ."

ಯಾರೂ ನಗಲಿಲ್ಲ. ನನ್ನ ಕಣ್ಣು ತುಂಬಿಬಂತು, ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಈ ಬಾಯನ್ನು ಏಪ್ರಿಲ್‌ನಲ್ಲಿ ಎಲ್ಲಿಟ್ಟಿದ್ದಿರಿ ಮಹಾರಾಯರೇ?

"ಮುಂದಿನ ವಾರ ಕಥೆ ಮುಗಿಸ್ತೀನಿ. ಈ ಭಾನುವಾರ ಅವನು ನಾಲ್ಕನೇ ಅರಮನೆಗೆ ಹೊರಟವ್ನೆ. ತಾಯಿ ಒಪ್ಕೊಂಡು ಬಾ ಅಂದವ್ಳೆ. ಒಪ್ಕೊಂಡು ಬರ್ತಾನೆ."

ಭಾನುವಾರಕ್ಕೆ ಒಂದೂವರೆ ದಿನವಿತ್ತು. ಬೇಡ ಎಂದವಳು ನಾನೇ, ಈಗ ಬಾಯಿಬಿಟ್ಟು ಕೇಳಬೇಕಾದವಳೂ ನಾನೇ. ಕೇಳದಿದ್ದರೆ ಆ ಕತ್ತಿನ ಹಿಂಭಾಗವೂ ನನ್ನದಲ್ಲ.

ನಾಲ್ಕೂವರೆಯ ಬಸ್ಸಿನಲ್ಲಿ ಅವರು ಎಂದಿನ ಸೀಟಿನಲ್ಲಿದ್ದರು. ಹೋಗಿ ಪಕ್ಕದಲ್ಲೇ ಕುಳಿತೆ. ಅವರು ಬೆಚ್ಚಿಬಿದ್ದು ಕಿಟಕಿಗೆ ಒತ್ತರಿಸಿಕೊಂಡರು.

"ಹಿಂದೆ ಸೀಟ್ ಖಾಲಿ ಇದೆ ಮೇಡಂ."

"ಗೊತ್ತು. ಈ ಚೀಟಿ ಒಂದು ಬಾಕಿ ಇತ್ತು, ನೋಡಿ ಸಾರ್."

ನನ್ನದೇ ಚೀಟಿ, ನನ್ನ ಕೆಂಪು ಪೆನ್ನು. ಹೆಸರು, ನಂದಿತಾ. ಮೆಚ್ಚಿನ ಕಾಮಿಡಿಯನ್, ನಲವತ್ತೊಂದು ಜನ ಹೇಳಿದವರೇ, ಆದರೆ ನನ್ನೆದುರು ಇನ್ನೂ ನಕ್ಕಿಲ್ಲ. ಮೆಚ್ಚಿನ ಕಾದಂಬರಿ, ನಗದ ರಾಜಕುಮಾರ. ಅದರ ಕೆಳಗೆ ಒಂದು ಸಾಲು: ರಾಣಿಗೆ ಆಣೆಯ ವಿಷಯ ಗೊತ್ತಿರಲಿಲ್ಲ, ನಾಲ್ಕನೇ ಅರಮನೆಗೆ ಹೋಗುವುದು ಬೇಡ.

ಅವರು ಓದಿದರು. ಮತ್ತೆ ಓದಿದರು. ಮುಖದಲ್ಲಿ ಏನೂ ಇಲ್ಲ, ಅದೇ ಕಲ್ಲು. ಆಮೇಲೆ ಕಂಡೆ, ಎಡಗೆನ್ನೆಯ ಆ ಸಣ್ಣ ಗುಳಿಯನ್ನು.

"ಕಚ್ಕೋಬೇಡಿ," ಎಂದೆ. "ನೋವಾಗುತ್ತೆ."

ಗುಳಿ ಮಾಯವಾಯಿತು. ಅವರು ಮೊದಲ ಸಲ ನನ್ನ ಕಣ್ಣನ್ನೇ ನೋಡಿದರು. "ಕಿಟಕಿ ಹತ್ರ ನಿಂತಿದ್ರಾ?"

"ಹೂಂ."

"ಎಲ್ಲಾ ಕೇಳಿದ್ರಾ?"

"ಸರಿ, ಆಯ್ತು ಅನ್ನೋದು ಬಿಟ್ಟು ಬೇರೆ ಮಾತೂ ಬರುತ್ತೆ ಅಂತ ಇವತ್ತು ಗೊತ್ತಾಯ್ತು."

ಅವರ ಕಿವಿ ಕೆಂಪಾಯಿತು. ಫೋನ್ ತೆಗೆದರು. ಬಸ್ಸಿನ ಗಲಾಟೆಗೆ ಸ್ಪೀಕರ್ ಹಾಕಬೇಕಾಯಿತು.

"ಅವ್ವ, ನಾಡಿದ್ದು ಹೆಣ್ಣು ನೋಡಕ್ಕೆ ಬರಲ್ಲ."

"ಯಾಕ್ಲಾ? ಹಣ್ಣು ತಂದು ಮಡಗಿವ್ನಿ!" ಗುರುಬಸಮ್ಮನವರ ದನಿ ಮುಂದಿನ ಸೀಟಿನವರೆಗೂ ಕೇಳಿತು.

"ಮೂಗೂರಿಗೆ ಹೋಗಣ."

"ಬ್ಯಾಡ ಅಂದವ್ರ ಮನ್ಗಾ? ಮಾನ ಮರ್ವಾದಿ ಇಲ್ವೇನ್ಲಾ ನಿಂಗೆ?"

"ಆಣೆ ವಾಪಸ್ ತಗೋ ಅವ್ವ. ಅವ್ರಿಗೆ ನಗೋನೇ ಬೇಕಂತೆ."

"ಯಾರ್ಲಾ ಅಂದೋರು ಅಂಗೆ?"

ಅವರು ಫೋನನ್ನು ನನ್ನ ಮುಂದೆ ಹಿಡಿದರು. "ನಾನೇ ಅಂದೆ... ಅತ್ತೆ," ಎಂದುಬಿಟ್ಟೆ. ಹೇಳಿದ ಮೇಲೆ ಆ ಮಾತು ಕೇಳಿ ನಾನೇ ಗಾಬರಿಯಾದೆ.

"ಮಾದಪ್ಪಾ!" ಎಂದು ದೇವರನ್ನೇ ಕೂಗಿದರು ಗುರುಬಸಮ್ಮ.

ಆಗ ಸೋಮಶೇಖರ್ ಏನೋ ಹೇಳಲು ಹೊರಟರು. "ಬೆಟ್ಟಸ್ವಾಮಿ ಮಾಮನ ಕುರ್ಚಿ..." ಅಷ್ಟಕ್ಕೇ ಮಾತು ನಿಂತಿತು. ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು, ತಲೆ ಮುಂದಿನ ಸೀಟಿನ ಕಂಬಿಗೆ ಹೋಯಿತು, ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. "ಏನ್ಲಾ ಆಯ್ತು? ಯಾಕ್ಲಾ ಅಂಗಾಡ್ತಿದ್ದೀಯೆ?" ಎಂದು ಫೋನು ಒಂದೇ ಸಮನೆ ಕೂಗುತ್ತಿತ್ತು. ಉತ್ತರ ಕೊಡಬೇಕಾದ ನಾನೂ ನಗುತ್ತಿದ್ದೆ. ಏಪ್ರಿಲ್‌ನಿಂದ ತಡೆದಿಟ್ಟಿದ್ದ ಆ ನಗು ಮುಗಿಯುವಷ್ಟರಲ್ಲಿ ನರಸೀಪುರ ಬಂದಿತ್ತು.