ಬಣ್ಣದ ಕೆಳಗಿನ ಕಬ್ಬಿಣ

ಬಲಗಡೆಯ ಇಂಡಿಕೇಟರ್ ಹಾಕಿದರೆ ಸಾಕು, ಹೆಡ್‌ಲೈಟೂ ಅದರ ಜೊತೆಗೆ ಮಿಣುಕುತ್ತಿತ್ತು. ಗ್ವೆಂಡಾ ಬಾನೆಟ್ಟಿನೊಳಗೆ ತಲೆಯಿಟ್ಟು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಒಂದೊಂದೇ ವೈರನ್ನು ಬೆರಳಿನಿಂದ ಸವರುತ್ತಿದ್ದಳು. ಆಮೇಲೆ ಟಾರ್ಚನ್ನು ಕೈಗೆ ತೆಗೆದುಕೊಂಡು ಕೂಗಿದಳು.

"ಇನ್ನೊಂದ್ಸಲ ಹಾಕು."

"ಹಾಕಿದೀನಿ, ಮಹಾರಾಣಿ." ಸ್ಟೀರಿಂಗ್ ಹಿಂದೆ ಕೂತ ಆಲೆಕ್ ನಕ್ಕ. "ನಿಂಗೆ ಕಣ್ಣು ಹೊಡೀತಿದೆ ನೋಡು."

"ಕಾರು ತಾನೇ?"

"ಸದ್ಯಕ್ಕೆ ಕಾರು."

ಅವಳು ಬಾನೆಟ್ಟಿನ ಮರೆಯಲ್ಲೇ ಉಳಿದಳು. ಐವತ್ತೆರಡರ ಹೆಂಗಸಿನ ಮುಖ ಕೆಂಪಾದರೆ ಅದನ್ನು ಯಾರೂ ನೋಡಬೇಕಿಲ್ಲ.

ಇಂಗ್ಲೆಂಡಿನ ಲಡ್ಲೋ ಊರಿನ ಹಳೆಯ ಕಾರುಗಳ ವೈರಿಂಗ್ ಕೆಲಸವೆಲ್ಲ ಅವಳ ಅಪ್ಪನ ಕಾಲದಿಂದಲೂ ಈ ಶೆಡ್ಡಿಗೇ ಬರುತ್ತಿತ್ತು. ಊರಿನ ಅಂಗಡಿಗಳ ಬೋರ್ಡುಗಳೆಲ್ಲ ಆಲೆಕ್‌ನ ಕುಂಚದವು. ಈ ಹಸಿರು ಸ್ಪೋರ್ಟ್ಸ್ ಕಾರನ್ನು ಅವನೂ ಹೆಂಡತಿ ಮೊಯಿರಾಳೂ ಮದುವೆಯಾದ ವರ್ಷ ಕೊಂಡಿದ್ದರು. ಮೊಯಿರಾ ಅವನನ್ನು ಬಿಟ್ಟು ದೂರದ ವಿಟ್‌ಬಿಯಲ್ಲಿದ್ದ ತನ್ನ ತಂಗಿಯ ಮನೆ ಸೇರಿದ ಮೇಲೆ ಅದು ತುಕ್ಕು ಹಿಡಿದು ನಿಂತಿತ್ತು. ಹಲವು ಚಳಿಗಾಲಗಳುದ್ದಕ್ಕೂ ಅವನೂ ಗ್ವೆಂಡಾಳೂ ಸೇರಿ ಅದನ್ನು ಎಬ್ಬಿಸಿದ್ದರು. ಕಳೆದ ಬೇಸಿಗೆಯಲ್ಲಿ ಅವನು ಎಲ್ಲ ಬಿಚ್ಚಿ ಬಣ್ಣ ಹೊಡೆದ. ಹೋದ ತಿಂಗಳು ಮೊಯಿರಾ ಫೋನ್ ಮಾಡಿ, ಬರ್ತೀಯಾ ಎಂದು ಕೇಳಿದಳು.

ನಾಳೆ ಅವನು ವಿಟ್‌ಬಿಗೆ ಹೊರಡುವವನು. ಚಳಿಗಾಲ ಹತ್ತಿರವಾಗಿ ಸಂಜೆಗೆ ಮುಂಚೆಯೇ ಕತ್ತಲಾಗುವ ಕಾಲ. ದೀಪ ಸರಿಯಾಗದೆ ದಾರಿಯ ನಿರ್ಜನ ಬಯಲು ದಾಟುವಂತಿಲ್ಲ.

ಅವನು ಪೋಸ್ಟಿನವಳನ್ನೂ ಬ್ರೆಡ್ಡಿನಂಗಡಿಯವಳನ್ನೂ ಆ ಊರಿನ ರೂಢಿಯಂತೆ 'ಚಿನ್ನ' ಎನ್ನುತ್ತಿದ್ದ. ಗ್ವೆಂಡಾಳನ್ನು ಮಾತ್ರ ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಅದು ದೂರದ ಗುರುತೋ ಹತ್ತಿರದ ಗುರುತೋ ಅವಳಿಗೆ ತಿಳಿದಿರಲಿಲ್ಲ.

ಅವಳು ಬ್ಯಾಟರಿಯ ಅರ್ಥಿಂಗ್ ತುದಿಯಿಂದ ಒಂದು ಬಿಡಿ ವೈರು ತಂದು ದೀಪದ ಲೋಹದ ಬಟ್ಟಲಿಗೆ ಮುಟ್ಟಿಸಿದಳು. ಬೆಳಕು ಧಗ್ಗನೆ ಗೋಡೆಯ ಮೇಲೆ ಬಿತ್ತು.

"ಬಣ್ಣ," ಎಂದಳು.

"ಯಾವ ಬಣ್ಣ?"

"ನೀನು ಹೊಡೆದಿದ್ದು. ಅರ್ಥಿಂಗ್ ವೈರು ಕೂರೋ ಜಾಗಕ್ಕೂ ಬಳಿದುಬಿಟ್ಟಿದೀಯಲ್ಲ, ಮಾರಾಯ! ಕರೆಂಟು ವಾಪಸ್ ಹೋಗೋಕೆ ಬಣ್ಣ ಇಲ್ಲದ ಕಬ್ಬಿಣ ಬೇಕು. ಅದಕ್ಕೆ ದಾರಿ ಸಿಗದೆ ಇಂಡಿಕೇಟರ್ ಮೂಲಕ ನುಸುಳ್ತಿದೆ."

"ಅಲ್ಲಿಗೆ ಮೂರು ಕೋಟು ಹೊಡೆದಿದ್ದೆ. ಯಾರೂ ನೋಡದ ಜಾಗ ಅಂತ ಇನ್ನೂ ಚೆನ್ನಾಗಿ."

"ಗೊತ್ತಾಗುತ್ತೆ."

ಅವನು ಇಳಿದು ಬಂದು ಪಕ್ಕದಲ್ಲಿ ಬಗ್ಗಿ ನಿಂತ. ಅವನ ತೋಳು ಅವಳ ತೋಳಿಗೆ ತಾಗಿತು. ಇಬ್ಬರೂ ಸರಿಯಲಿಲ್ಲ.

"ತೊಂದರೆ ಎಲ್ಲಿ ಅಂತ ಸಿಗದೇ ಹೋಗಿದ್ರೆ ನಾಳೆ ಹೊರಡ್ತಿರ್ಲಿಲ್ಲ," ಎಂದ, ಎಂಜಿನ್ನಿಗೆ ಹೇಳುವಂತೆ.

"ಸಿಕ್ತಲ್ಲ."

"ಅವಳು ಬಾ ಅಂದ್ಲು, ಗ್ವೆಂಡಾ. ಇಲ್ಲಿ ಯಾರೂ ಇರು ಅನ್ಲಿಲ್ಲ."

ಅವಳ ಬಾಯಿಗೆ 'ಇರು' ಎಂಬ ಆ ಒಂದು ಮಾತು ಬಂದೇಬಿಟ್ಟಿತ್ತು. ಫೋನು ಬಂದ ಮರುದಿನ ಅವನು ಈ ಬಾಗಿಲಲ್ಲಿ ನಿಂತದ್ದು ನೆನಪಾಯಿತು. ಗಡ್ಡ ಬೋಳಿಸಿಕೊಂಡಿದ್ದ, ಹತ್ತು ವರ್ಷ ಚಿಕ್ಕವನಂತೆ ಕಾಣುತ್ತಿದ್ದ.

"ನಿಂಗೆ ಇರೋಕೆ ಇಷ್ಟ ಇತ್ತಾ, ಆಲೆಕ್?"

ಅವನು ಬಾನೆಟ್ಟಿನ ಅಂಚಿನಿಂದ ಕೈ ತೆಗೆದು ನೆಟ್ಟಗೆ ನಿಂತ. ಆಮೇಲೆ, "ಟೀ ಮಾಡ್ಲಾ?" ಎಂದ.

"ಮಾಡು. ಹಾಲು ಕಮ್ಮಿ."

ಅವನು ಒಳಗೆ ಹೋದ. ಅವಳು ಮುಂಬದಿಯ ಅರ್ಥಿಂಗ್ ಬೋಲ್ಟುಗಳನ್ನು ಬಿಚ್ಚಿ, ಬಣ್ಣ ಉಜ್ಜಿ, ಮತ್ತೆ ಬಿಗಿದಳು. ಈಗ ಇಂಡಿಕೇಟರ್ ಹಾಕಿದರೂ ದೀಪ ಅಲುಗಲಿಲ್ಲ. ಅಭ್ಯಾಸದಂತೆ ಹಿಂದಿನ ದೀಪಗಳ ಕಡೆಗೂ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪುಟ್ಟ ಪಂಪಿನ ಕಡೆಗೂ ಟಾರ್ಚ್ ಬಿಟ್ಟಳು. ಅಲ್ಲೂ ಅರ್ಥಿಂಗ್ ವೈರು ಕೂರುವ ಜಾಗದ ಮೇಲೆ ಅದೇ ಹಸಿರು. ಸದ್ಯ ಸ್ಕ್ರೂವಿನ ಅಂಚಷ್ಟೇ ಕಬ್ಬಿಣಕ್ಕೆ ತಾಗಿ ಕೆಲಸ ನಡೆಯುತ್ತಿತ್ತು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚಿದ ಮೇಲೆ ತುಕ್ಕು ಹಿಡಿದು ಅದೂ ಕೈಕೊಡುತ್ತದೆ. ಈ ಕಾರನ್ನು ಅವನು ಬೇರೆಯವರ ಕೈಗೆ ಕೊಡುವವನಲ್ಲ. ಹೀಗೇ ಬಿಟ್ಟರೆ ಫೋನ್ ಮಾಡುತ್ತಾನೆ. ಬರುತ್ತಾನೆ. ಒಂದು ಮಧ್ಯಾಹ್ನವಾದರೂ ಇಲ್ಲಿ ಕೂತು ಮಹಾರಾಣಿ ಎನ್ನುತ್ತಾನೆ.

ಅದನ್ನು ಸರಿಮಾಡು ಎಂದು ಯಾರೂ ಕೇಳಿರಲಿಲ್ಲ.

ಒಳಗೆ ಕೆಟಲ್ ಕುದಿಯುವ ಸದ್ದು ಕೇಳಿಸಿತು. ಗ್ವೆಂಡಾ ಹೊಸ ಉಪ್ಪುಕಾಗದದ ತುಂಡೊಂದನ್ನು ಹರಿದುಕೊಂಡು, ಕಾರಿನ ಹಿಂಬದಿಯ ಕೆಳಗೆ ಬೆನ್ನಿನ ಮೇಲೆ ಜಾರಿದಳು.

"ಮುಗೀಲಿಲ್ವಾ?" ಎರಡು ಲೋಟ ಹಿಡಿದು ಬಂದ ಆಲೆಕ್‌ನ ಬೂಟುಗಳಷ್ಟೇ ಕಾಣುತ್ತಿದ್ದವು. "ಇನ್ನೇನಿದೆ ಅಲ್ಲಿ?"

"ಏನಿಲ್ಲ. ಸುಮ್ನೆ ನೋಡ್ತಿದೀನಿ. ಟೀ ಅಲ್ಲೇ ಇಡು."

ಅವಳು ಮೊದಲನೆಯ ಸ್ಕ್ರೂ ಬಿಚ್ಚಿ, ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೂ ಉಜ್ಜತೊಡಗಿದಳು.