ಶಿವಲಿಂಗಮ್ಮನವರ ಹೆಸರಿನಲ್ಲಿ ಹೋದವಳು

2025ರ ಜನವರಿ 13, ಸೋಮವಾರ ಬೆಳಿಗ್ಗೆ 10.40. ಕೂಟಗಲ್ಲಿನ ನಿವೃತ್ತ ಹೈಸ್ಕೂಲು ಶಿಕ್ಷಕಿ ಶಿವಲಿಂಗಮ್ಮ ಊರುಗೋಲು ಹಿಡಿದು ರಾಮನಗರದ ಠಾಣೆಯ ಮೆಟ್ಟಿಲು ಹತ್ತಿದರು. ಚಿಕುನ್‌ಗುನ್ಯ ಬಂದು ಹೋಗಿ ತಿಂಗಳಾಗುತ್ತ ಬಂದಿದ್ದರೂ ಮಂಡಿ, ಮಣಿಕಟ್ಟಿನ ನೋವು ಬಿಟ್ಟಿರಲಿಲ್ಲ. ಇನ್‌ಸ್ಪೆಕ್ಟರ್ ಕೆಂಪರಾಜು ಕುರ್ಚಿ ಎಳೆದು ಕೊಟ್ಟರು. ಆಕೆ ಕುಳಿತು, ಉಸಿರು ಸುಧಾರಿಸಿಕೊಂಡು, ತರಗತಿಯಲ್ಲಿ ಹಾಜರಿ ಕೂಗುವಷ್ಟೇ ಸ್ಪಷ್ಟವಾಗಿ ಹೇಳಿದರು.

"ನಾನು ಐದು ದಿವಸದಿಂದ ಹಡಗಿನಲ್ಲಿದ್ದೀನಂತೆ ಸಾರ್. ನೀವೇ ನೋಡಿ, ನಾನು ಇಲ್ಲಿದ್ದೀನಿ."

ವಿಷಯ ಹೀಗಿತ್ತು. ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ಶಿವಲಿಂಗಮ್ಮ ನಿವೃತ್ತಿಯ ಮೇಲೆ ಒಂದು ಸಮುದ್ರಯಾನಕ್ಕೆ ಹೆಸರು ಕೊಟ್ಟಿದ್ದರು. ಕೊಚ್ಚಿಯಿಂದ ಹೊರಟು ಕೊಲಂಬೊ, ಗಾಲೆ, ಪಿನಾಂಗ್, ಮಲಾಕ್ಕ, ಸಿಂಗಪುರ ನೋಡಿಕೊಂಡು ಫುಕೆಟ್, ತ್ರಿಂಕೋಮಲಿ ಮೇಲೆ ಮತ್ತೆ ಕೊಚ್ಚಿಗೆ. ಇಪ್ಪತ್ತಾರು ದಿನ. ಡಿಸೆಂಬರ್ ಮಧ್ಯದಲ್ಲಿ ಜ್ವರ ಬಿತ್ತು, ಹಾಸಿಗೆಯಿಂದ ಏಳಲಾಗದೆ ಪ್ರಯಾಣ ಕೈಬಿಟ್ಟರು. ಆದರೆ ಈ ದಿನ ಬೆಳಿಗ್ಗೆ ರಾಮನಗರದ ಟ್ರಾವೆಲ್ ಆಫೀಸಿನ ಹುಡುಗಿ ಮಿಸ್ಬಾ ಫೋನ್ ಮಾಡಿ, ಕೊಲಂಬೊ ಹೇಗಿತ್ತು ಮೇಡಂ, ಊಟ ಹಿಡಿಸ್ತಾ ಎಂದು ಕೇಳಿದ್ದಳು. ನಾನು ಮನೆಯಲ್ಲೇ ಇದ್ದೀನಿ ಎಂದರೆ ಅವಳು ನಂಬಲಿಲ್ಲ. ಜನವರಿ 8ರಂದು ಮಧ್ಯಾಹ್ನ 2.20ಕ್ಕೆ ಶಿವಲಿಂಗಮ್ಮ, ವಯಸ್ಸು 64, ಹಡಗು ಹತ್ತಿದ್ದಾರೆ ಎಂದು ಅವಳ ಕಂಪ್ಯೂಟರು ಹೇಳುತ್ತಿತ್ತು. ಬೀರು ತೆಗೆದು ನೋಡಿದರೆ ಪಾಸ್‌ಪೋರ್ಟ್ ಇಲ್ಲ.

ಕೆಂಪರಾಜು ದೂರು ಬರೆಸಿಕೊಂಡರು. ಮೊಕದ್ದಮೆ ಸಂಖ್ಯೆ 11/2025, ಭಾರತೀಯ ನ್ಯಾಯ ಸಂಹಿತೆ ಕಲಂ 305, 319(2), ಅಂದರೆ ಮನೆಯಲ್ಲಿ ಕಳವು, ಇನ್ನೊಬ್ಬರ ಸೋಗಿನಲ್ಲಿ ವಂಚನೆ, ಜೊತೆಗೆ ಪಾಸ್‌ಪೋರ್ಟ್ ಕಾಯ್ದೆ ಕಲಂ 12. ಎಫ್ಐಆರ್ ಪ್ರತಿ ಕೊಡುವಾಗಲೇ ಅವರ ತಲೆಯಲ್ಲಿ ಓಡುತ್ತಿದ್ದುದು ಬೇರೆ. ಇನ್ನೊಬ್ಬರ ಹೆಸರಿನಲ್ಲಿ ದೇಶ ಬಿಟ್ಟವರು ಯಾರು, ಯಾತಕ್ಕೆ? ಓಡಿಹೋಗುವ ಆರೋಪಿಯೇ? ಅದಕ್ಕಿಂತ ಕೆಟ್ಟದ್ದೇ?

ಮಧ್ಯಾಹ್ನ 1.15ಕ್ಕೆ ಕೂಟಗಲ್ಲಿನ ಮನೆಯಲ್ಲಿ ಪಂಚನಾಮೆ ನಡೆಯಿತು. ಪಕ್ಕದ ಮನೆಯ ಬೋರಮ್ಮ ಮತ್ತು ಇನ್ನೊಬ್ಬರು ಪಂಚರು. ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ. ಬೀರುವಿನ ಬೀಗದ ಕೈ ದೇವರ ಪಟದ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಒಡವೆ ಇದ್ದ ಡಬ್ಬಿ ಮುಟ್ಟಿರಲಿಲ್ಲ. ಹೋಗಿದ್ದು ಪಾಸ್‌ಪೋರ್ಟ್, ಪ್ರಯಾಣದ ಕಾಗದಗಳು, ಒಂದು ಮರೂನ್ ಸ್ವೆಟರು, ಪ್ರಯಾಣಕ್ಕೆಂದೇ ತಂದಿದ್ದ ಹೊಸ ಬೂಟು.

"ಬೂಟೂ ಹೋಗೈತೆ ಅಂದ್ರೆ ಕಾಲಿಗೆ ಆಯ್ತು ಅಂತ ಅಲ್ವಾ ಸಾರ್?" ಎಂದಳು ಪೇದೆ ರಮ್ಯ.

ಕೆಂಪರಾಜು ಆ ಮಾತನ್ನು ಬರೆದುಕೊಂಡರು.

ಮಿಸ್ಬಾಳ ಹೇಳಿಕೆ ಸಂಜೆ ಪಡೆದರು. ಹನ್ನೆರಡು ಜನರ ತಂಡ, ಎಲ್ಲರೂ ಬೇರೆಬೇರೆ ಊರಿನವರು. ಕೊಚ್ಚಿಯಲ್ಲಿ ತಂಡದ ಮುಖಂಡ ಅವರನ್ನು ಕೂಡಿಕೊಂಡಿದ್ದ. ಅವನು ಶಿವಲಿಂಗಮ್ಮನವರನ್ನು ಹಿಂದೆ ನೋಡಿರಲಿಲ್ಲ. ನನ್ನ ಫೋನ್ ಕೆಟ್ಟಿದೆ ಎಂದು ಹಡಗು ಹತ್ತಿದ ಹೆಂಗಸು ಅವನಿಗೆ ಹೇಳಿದ್ದರಿಂದ ವಾಟ್ಸಾಪ್ ಗುಂಪಿಗೆ ಸೇರಿಸಿರಲಿಲ್ಲ. ಪ್ರಯಾಣ ರದ್ದು ಮಾಡಿ ಎಂದು ಯಾರೂ ಫೋನ್ ಮಾಡಿರಲಿಲ್ಲ ಎಂದು ಮಿಸ್ಬಾ ಖಚಿತವಾಗಿ ಹೇಳಿದಳು. ಶಿವಲಿಂಗಮ್ಮನವರನ್ನು ವಿಚಾರಿಸಿದರೆ, ಫೋನ್ ಮಾಡಿಸಿದ್ದೆ ಎಂದರು. ಯಾರ ಕೈಲಿ ಎಂದು ಕೇಳಿದಾಗ ಮನೇಲಿದ್ದವರ ಕೈಲಿ ಎಂದಷ್ಟೇ ಹೇಳಿ ಮಂಡಿ ಉಜ್ಜಿಕೊಂಡರು.

ಮರುದಿನ ಸಂಕ್ರಾಂತಿ. ಠಾಣೆಯಲ್ಲಿ ಎಳ್ಳುಬೆಲ್ಲ ಹಂಚುತ್ತಿರುವಾಗ ಮಿಸ್ಬಾ ಒಂದು ಫೋಟೊ ಕಳಿಸಿದಳು. ಗಾಲೆಯ ಕೋಟೆ ಗೋಡೆಯ ಮೇಲೆ ತಂಡದವರು ಸಾಲಾಗಿ ನಿಂತಿದ್ದರು. ಕೊನೆಯಲ್ಲಿ ಮರೂನ್ ಸ್ವೆಟರಿನ ಹೆಂಗಸು. ಬಿಸಿಲಿಗೆ ಕಣ್ಣು ಕಿರಿದಾಗಿತ್ತು, ನರೆಗೂದಲು ಗಾಳಿಗೆ ಕೆದರಿತ್ತು. ಪಾಸ್‌ಪೋರ್ಟಿನ ನಕಲನ್ನು ಪಕ್ಕದಲ್ಲಿಟ್ಟು ಕೆಂಪರಾಜು, ರಮ್ಯ, ಹೆಡ್ ಕಾನ್‌ಸ್ಟೆಬಲ್ ಗೌಸ್ ಮೂವರೂ ನೋಡಿದರು. ಅದೇ ಅಗಲ ಹಣೆ, ಅದೇ ಮೂಗು.

ಸಂಜೆ 4ಕ್ಕೆ ಕೆಂಪರಾಜು ಕೂಟಗಲ್ಲಿಗೆ ಹೋಗಿ ಆ ಫೋಟೊವನ್ನು ಶಿವಲಿಂಗಮ್ಮನವರ ಮುಂದೆ ಹಿಡಿದರು. ಆಕೆ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಗುರುತು ಸಿಗ್ತಿಲ್ಲ," ಎಂದು ಫೋನ್ ಹಿಂದಿರುಗಿಸಿದರು.

ಯಾರಿದು, ನನ್ನ ಸ್ವೆಟರು ಹೇಗೆ ಬಂತು ಎಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹಿಂದಿನ ದಿನ ಸಿಟ್ಟಿನಿಂದ ಕುದಿಯುತ್ತಿದ್ದವರು ಈಗ ಕಾಫಿ ಕುಡೀತೀರಾ ಎಂದು ಎದ್ದುಹೋದರು. ಮರಳುವಾಗ ಜೀಪಿನಲ್ಲಿ ಕೆಂಪರಾಜು ಅದನ್ನೂ ಬರೆದುಕೊಂಡರು.

15ರಂದು ಬೆಳಿಗ್ಗೆ ಠಾಣೆ ಬಾಗಿಲಲ್ಲಿ ಮತ್ತೆ ಶಿವಲಿಂಗಮ್ಮ. ದೂರು ವಾಪಸ್ ತಗೋತೀನಿ ಎಂದರು. ಪಾಸ್‌ಪೋರ್ಟಿನ ಪ್ರಕರಣ ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ ಎಂದು ಕೆಂಪರಾಜು ವಿವರಿಸಿದರು. ಆಮೇಲೆ ಕೇಳಿದರು.

"ಜ್ವರ ಬಂದಾಗ ನಿಮ್ಮನ್ನ ನೋಡ್ಕೊಂಡೋರು ಯಾರು ಮೇಡಂ?"

ಆಕೆ ನೆಲ ನೋಡಿದರು. "ತಂಗಿ. ದಾಸಮ್ಮ."

"ಮಿಸ್ಬಾಗೆ ಫೋನ್ ಮಾಡೋಕೆ ಹೇಳಿದ್ದೂ ಅವರಿಗೇನಾ?"

"ಹೌದು."

"ಈಗೆಲ್ಲಿದ್ದಾರೆ?"

"ಊರಲ್ಲಿ. ಉಯ್ಯಂಬಳ್ಳಿ. ಆರನೇ ತಾರೀಕು ಹೋದಳು."

ಕನಕಪುರ ದಾಟಿ ಉಯ್ಯಂಬಳ್ಳಿ ತಲುಪಿದಾಗ ಮಧ್ಯಾಹ್ನ 12.30. ಹಬ್ಬಕ್ಕೆ ಮೈ ತೊಳೆದ ಕುರಿಗಳು ರೊಪ್ಪದಲ್ಲಿ ಒಣಗುತ್ತಿದ್ದವು. ದಾಸಮ್ಮನ ಮಗ ಚಿಕ್ಕರಾಜು ಪೊಲೀಸರನ್ನು ಕಂಡು ಪಂಚೆ ಇಳಿಸಿಕೊಂಡು ಬಂದ. ಅವ್ವ ದೊಡ್ಡವ್ವನ ಮನೇಲವಳೆ ಸಾರ್, ದೊಡ್ಡವ್ವಂಗೆ ಇನ್ನೂ ಹುಷಾರಿಲ್ಲವಂತೆ, ಅದಕ್ಕೆ ಹಬ್ಬಕ್ಕೂ ಬರಲಿಲ್ಲ ಎಂದ. ತಂಗಿ ಊರಿನಲ್ಲಿದ್ದಾಳೆ ಎಂದು ಅಕ್ಕ ಅಂದುಕೊಂಡಿದ್ದಳು, ಅವ್ವ ದೊಡ್ಡವ್ವನ ಮನೆಯಲ್ಲಿದ್ದಾಳೆ ಎಂದು ಮಗ ಅಂದುಕೊಂಡಿದ್ದ. ಒಂಬತ್ತು ದಿನ ಆ ಹೆಂಗಸನ್ನು ಯಾರೂ ಹುಡುಕಿರಲಿಲ್ಲ.

ಕೆಂಪರಾಜು ಫೋಟೊ ತೋರಿಸಿದರು. ಚಿಕ್ಕರಾಜು ಬಗ್ಗಿ ನೋಡಿ, ಪರದೆಯನ್ನು ಬೆರಳಲ್ಲಿ ಹಿಗ್ಗಿಸಿದ.

"ಅವ್ವನೇಯ," ಎಂದ. ಬೆರಳನ್ನು ಕಾಲಿನ ಕಡೆ ಸರಿಸಿ, "ಅವ್ವ ಬೂಟ್ ಹಾಕವಳೆ."

ಮನೆ ತಪಾಸಣೆಯಲ್ಲಿ ಹಳೆಯ ದಿನಪತ್ರಿಕೆಗಳ ಕಟ್ಟು ಸಿಕ್ಕಿತು. ಅಂಚುಗಳ ತುಂಬ ಒಂದೇ ಸಹಿ, ನೂರಾರು ಬಾರಿ. ಮೊದಮೊದಲು ಸೊಟ್ಟಗೆ, ಬರಬರುತ್ತ ಶಿವಲಿಂಗಮ್ಮನವರದೇ ಎನ್ನುವಂತೆ. ಕಟ್ಟನ್ನು ಪಂಚರ ಸಮಕ್ಷಮ ಜಪ್ತಿ ಮಾಡಿ ಮೊಹರು ಹಾಕಿದರು.

ಆರೋಪಿ ಯಾರೆಂದು ಮೂರೇ ದಿನದಲ್ಲಿ ಗೊತ್ತಾಗಿತ್ತು. ಆದರೆ ಕೆಂಪರಾಜು ಅವರ ನೆಮ್ಮದಿ ಹಾಳಾಗಿದ್ದು ಅಲ್ಲಿಂದಲೇ. ಹಡಗು ಎಲ್ಲಿದೆಯೆಂದು ಫೋನಿನ ನಕ್ಷೆ ಗಂಟೆಗಂಟೆಗೂ ತೋರಿಸುತ್ತಿತ್ತು. ನೀಲಿಯ ನಡುವೆ ಒಂದು ಸಣ್ಣ ಬಾಣದ ಗುರುತು ಪೂರ್ವಕ್ಕೆ ಸರಿಯುತ್ತಿತ್ತು. ಹಿಡಿಯುವುದಕ್ಕೆ ಮಾತ್ರ ಆಗದು.

16ರಂದು ಡಿವೈಎಸ್ಪಿ ಅನಂತರಾಜು ಕಡತ ಓದಿ, ಮುಂದಿನ ಬಂದರಿನಲ್ಲೇ ಇಳಿಸಿ ಅಲ್ಲಿನ ಪೊಲೀಸರಿಗೆ ಒಪ್ಪಿಸೋಣ ಎಂದರು. ಕೆಂಪರಾಜು ಒಪ್ಪಲಿಲ್ಲ. ಬೇರೆ ದೇಶದ ಜೈಲಿಗೆ ಹೋದರೆ ಆ ಹೆಂಗಸಿಗೆ ಭಾಷೆಯಿಲ್ಲ, ಕೇಳುವವರಿಲ್ಲ, ಎಷ್ಟು ತಿಂಗಳಿಗೆ ಬಿಡುಗಡೆಯೋ ಗೊತ್ತಿಲ್ಲ, ಫೆಬ್ರವರಿ 2ಕ್ಕೆ ಅದೇ ಹಡಗು ಕೊಚ್ಚಿಗೇ ಬರುತ್ತದೆ ಎಂದರು.

"ಬರ್ದೆ ಇದ್ರೆ?"

"ಬರ್ತಾರೆ ಸಾರ್."

"ಯಾವ ಆಧಾರದ ಮೇಲೆ ಹೇಳ್ತೀರಿ?"

ಆಧಾರವಿರಲಿಲ್ಲ. ಮನೆ ನೋಡಿ ಬಂದಿದ್ದೀನಿ ಎಂದರು. ಮೇಲಿನವರಿಗೆ ಬರೆಯುತ್ತೇನೆ, ಅಲ್ಲಿಂದ ಏನು ಬರುತ್ತದೋ ಹಾಗೆ, ಅಷ್ಟರೊಳಗೆ ಆಕೆ ತಪ್ಪಿಸಿಕೊಂಡರೆ ಉತ್ತರ ನೀವೇ ಕೊಡಬೇಕು ಎಂದು ಅನಂತರಾಜು ಕಡತ ಮುಚ್ಚಿದರು.

ಆಮೇಲಿನ ದಿನಗಳಲ್ಲಿ ಕೆಂಪರಾಜು ಅವರಿಗೆ ಊಟ ಹಿಡಿಸಲಿಲ್ಲ. 18ರಂದು ಮಲಾಕ್ಕ. ಪ್ರಯಾಣಿಕರು ಬೆಳಿಗ್ಗೆ ಇಳಿದು, ನಮ್ಮ ಗಡಿಯಾರದ ಪ್ರಕಾರ ಸಂಜೆ ಐದಕ್ಕೆ ಹಡಗಿಗೆ ಮರಳಬೇಕು. ಅಂದು ಮಾಗಡಿಯಲ್ಲಿ ಬಂದೋಬಸ್ತಿನಲ್ಲಿದ್ದರೂ ಅವರ ಕೈ ಜೇಬಿನ ಫೋನಿಗೆ ಹೋಗುತ್ತಲೇ ಇತ್ತು. ಐದೂವರೆಯಾದರೂ ಸುದ್ದಿಯಿಲ್ಲ. ಮಿಸ್ಬಾಗೆ ಫೋನ್ ಮಾಡಿದರೆ ತಂಡದ ಮುಖಂಡ ಎತ್ತುತ್ತಿಲ್ಲ ಎಂದಳು. ಗೌಸ್ ಟೀ ತಂದು, ಅದು ಆರಿ, ಇನ್ನೊಂದು ತಂದ. 6.25ಕ್ಕೆ ಸಂದೇಶ ಬಂತು. ಹನ್ನೆರಡೂ ಜನ ಹಡಗಿನಲ್ಲಿದ್ದಾರೆ. 20ರಂದು ಸಿಂಗಪುರದಲ್ಲೂ ಇದೇ ಪಾಡು. ಅಷ್ಟು ದೊಡ್ಡ ಊರಿನ ಜನಜಂಗುಳಿಯಲ್ಲಿ ಆಕೆ ಬೇಕೆಂದೇ ಮರೆಯಾಗಬೇಕಿಲ್ಲ, ದಾರಿ ತಪ್ಪಿದರೂ ಸಾಕಿತ್ತು. ಆವತ್ತು ಸಂಜೆ ಸಂದೇಶ ಬರುವ ತನಕ ಕೆಂಪರಾಜು ಠಾಣೆಯ ಹಿತ್ತಲಲ್ಲಿ ಅಡ್ಡಾಡಿದರು.

22ರಂದು ಮೇಲಿನಿಂದ ಆದೇಶ ಬಂತು: ಹಡಗಿನ ಕ್ಯಾಪ್ಟನ್‌ಗೆ ಮಾಹಿತಿ ಕೊಡುವುದು, ಆಕೆಯನ್ನು ಇನ್ನು ಯಾವ ಬಂದರಿನಲ್ಲೂ ಇಳಿಸದಿರುವುದು, ಕೊಚ್ಚಿಯಲ್ಲಿ ದಸ್ತಗಿರಿ ಮಾಡುವುದು. ಅಂದು ಮೊದಲ ಬಾರಿಗೆ ಕೆಂಪರಾಜು ಹೊತ್ತಿಗೆ ಸರಿಯಾಗಿ ಮನೆಗೆ ಹೋದರು.

ಫೆಬ್ರವರಿ 2, ಭಾನುವಾರ ಬೆಳಿಗ್ಗೆ 7.50, ಕೊಚ್ಚಿ ಬಂದರು. ಹಡಗಿನ ಇಬ್ಬರು ಕಾವಲುಗಾರರ ನಡುವೆ ದಾಸಮ್ಮ ಏಣಿಯಿಳಿದು ಬಂದರು. ಬೂಟು ಕೈಯಲ್ಲಿತ್ತು, ಕಾಲು ಬರಿಗಾಲು. ಇನ್ನು ಹಾಕೋಬಾರ್ದು ಅನ್ನಿಸ್ತು ಎಂದು ರಮ್ಯಳಿಗೆ ಹೇಳಿದರಂತೆ. ಕೆಂಪರಾಜು ತಾವು ಯಾರೆಂದು ಹೇಳಿ ದಸ್ತಗಿರಿಯ ಕಾರಣ ತಿಳಿಸಿದರು. ದಾಸಮ್ಮ ತಲೆಯಾಡಿಸಿದರು. ದಸ್ತಗಿರಿ ಪತ್ರದ ಮೇಲೆ ಎಲ್ಲಿ ಸಹಿ ಎಂದು ತೋರಿಸಿದಾಗ ಪೆನ್ನು ಹಿಡಿದು ಒಂದು ಗಳಿಗೆ ತಡೆದರು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು.

ಅಲ್ಲಿನ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಕರೆತಂದರು. 3ರಂದು ಬೆಳಿಗ್ಗೆ 9ಕ್ಕೆ ಠಾಣೆಯಲ್ಲಿ ರಮ್ಯಳ ಸಮ್ಮುಖ ಹೇಳಿಕೆ. ದಾಸಮ್ಮ ಯಾವುದನ್ನೂ ಮುಚ್ಚಿಡಲಿಲ್ಲ. ಬೀಗದ ಕೈ ತೆಗೆದಿದ್ದು, ಮಿಸ್ಬಾಗೆ ಫೋನ್ ಮಾಡಿದೆನೆಂದು ಅಕ್ಕನಿಗೆ ಸುಳ್ಳು ಹೇಳಿದ್ದು, ಡಿಸೆಂಬರ್ ಕೊನೆಗೆ ಎರಡು ದಿನ ಊರಿಗೆ ಹೋದಾಗ ಕೂತು ಸಹಿ ಕಲಿತಿದ್ದು, ಬೆಂಗಳೂರಿನಲ್ಲಿ ಕೇಳಿಕೊಂಡು ರೈಲು ಹತ್ತಿದ್ದು. ಪ್ರಯಾಣದ ಕಾಗದಗಳನ್ನು ಅಕ್ಕ ತಿಂಗಳುಗಟ್ಟಲೆ ಓದಿ ಹೇಳಿದ್ದರಿಂದ ಎಲ್ಲಿ ಏನು ಮಾಡಬೇಕೆಂಬುದು ಬಾಯಿಪಾಠವಾಗಿತ್ತು.

"ಅಕ್ಕನ್ನ ಕೇಳಬೋದಿತ್ತಲ್ಲ?" ಎಂದರು ಕೆಂಪರಾಜು.

"ಕೇಳ್ದೆ ಸಾರ್. ನಿಂಗೆ ಆಗಲ್ಲ, ನಿನ್ನ ಬದ್ಲು ನಾ ಓಗ್ಲಾ ಅಂದೆ. ನಕ್ಕುಬುಟ್ಳು. ಅಲ್ಲೋಗಿ ನೀನೇನೆ ಮಾಡೀಯೆ, ಕುರಿ ಕಾದೀಯಾ ಅಂದ್ಳು."

ಹಾಗೆ ಬದಲಾಗಿ ಹೋಗಲು ಬರುವುದಿಲ್ಲ, ಟಿಕೆಟ್ ಒಬ್ಬರ ಹೆಸರಿಗೇ ಇರುತ್ತದೆ ಎಂದು ಯಾರಾದರೂ ಹೇಳಿದ್ದರೆ ಸುಮ್ಮನಾಗುತ್ತಿದ್ದೆ ಎಂದರು ದಾಸಮ್ಮ. ಅಕ್ಕ ಹೇಳಿದ್ದು ಅದಲ್ಲ.

ಉಳಿದದ್ದನ್ನು ಪ್ರಶ್ನೆಯಿಲ್ಲದೆಯೇ ಹೇಳಿದರು. ತಂದೆ ಸಿದ್ದಯ್ಯನಿಗೆ ಇಬ್ಬರು ಹೆಣ್ಣುಮಕ್ಕಳು. ಕುರಿ ಹಿಂದೆ ಒಬ್ಬರು ಬೇಕಿತ್ತು. ದೊಡ್ಡವಳು ಕನಕಪುರದ ಹಾಸ್ಟೆಲಿಗೆ ಹೋದಳು, ಚಿಕ್ಕವಳನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿದರು. ರಜೆಗೆ ಬಂದ ಅಕ್ಕ ರೊಪ್ಪದ ಕಲ್ಲಿನ ಮೇಲೆ ಕೂತು ಹಡಗುಗಳ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ಮೆಣಸಿಗಾಗಿ ಬಂದವರು, ಗಾಲೆಯಲ್ಲಿ, ಮಲಾಕ್ಕದಲ್ಲಿ ಕೋಟೆ ಕಟ್ಟಿದವರು, ಅವರನ್ನು ಓಡಿಸಿ ಬಂದವರು. ಅಕ್ಕ ಅದನ್ನು ಓದಿದ್ದು ಪರೀಕ್ಷೆಗೆ. ದಾಸಮ್ಮನಿಗೆ ಪರೀಕ್ಷೆ ಇರಲಿಲ್ಲ, ಮರೆಯಲಿಲ್ಲ.

10.30ಕ್ಕೆ ಶಿವಲಿಂಗಮ್ಮ ಬಂದರು. ಹೆಚ್ಚುವರಿ ಹೇಳಿಕೆ ಕೊಡಬೇಕೆಂದರು. ಫೋಟೊ ನೋಡಿದ ಕೂಡಲೇ ಗುರುತು ಸಿಕ್ಕಿತ್ತು ಎಂದು ಬರೆಸಿದರು. ನಾನು ನಕ್ಕಿದ್ದು ನಿಜ, ಅದನ್ನೂ ಬರೆದುಕೊಳ್ಳಿ ಎಂದರು. ಅದಕ್ಕೆ ಕಾನೂನಿನಲ್ಲಿ ಜಾಗವಿರಲಿಲ್ಲ. ಕೆಂಪರಾಜು ಬರೆದುಕೊಂಡರು.

ತನಿಖೆಯ ದಿನಚರಿಯಲ್ಲಿ ಉದ್ದೇಶದ ಬಗ್ಗೆ ಅವರು ಬರೆದ ಸಾಲು ಇಷ್ಟೇ: "ಆರೋಪಿಯು ತಪ್ಪಿಸಿಕೊಳ್ಳುವ ಇರಾದೆಯಿಂದ ಹೋದವರಲ್ಲ. ಐದು ಬಂದರಿನಲ್ಲಿ ಇಳಿದು ಐದರಿಂದಲೂ ಹೊತ್ತಿಗೆ ಸರಿಯಾಗಿ ಹಡಗಿಗೆ ಮರಳಿದ್ದಾರೆ. ಊರುಗಳನ್ನು ನೋಡುವುದೇ ಉದ್ದೇಶವಾಗಿತ್ತು."

ನ್ಯಾಯಾಲಯಕ್ಕೆ ಹೊರಡಲು ಜೀಪು ಸಿದ್ಧವಾಗಿತ್ತು. ವರಾಂಡದ ಬೆಂಚಿನ ಒಂದು ತುದಿಯಲ್ಲಿ ದಾಸಮ್ಮ, ಇನ್ನೊಂದು ತುದಿಯಲ್ಲಿ ಶಿವಲಿಂಗಮ್ಮ, ನಡುವೆ ರಮ್ಯ. ಜಾಮೀನಿಗೆ ತಾನೇ ನಿಲ್ಲುತ್ತೇನೆಂದು ವಕೀಲರಿಗೆ ಹೇಳಿ ಬಂದಿದ್ದ ಶಿವಲಿಂಗಮ್ಮ ಅದನ್ನು ತಂಗಿಗೆ ಹೇಳಲಿಲ್ಲ. ಕೊನೆಗೆ ಬೇರೆಯೇ ಕೇಳಿದರು.

"ಮಲಾಕ್ಕದ ಕೋಟೆ ನೋಡಿದೆಯಾ?"

"ಕೋಟೆ ಎಲ್ಲೈತಕ್ಕ. ಬರೀ ಬಾಗಿಲು ಉಳಿದೈತೆ. ಮಿಕ್ಕಿದ್ದ ಕೆಡವಾಕವ್ರೆ."

"ಪೂರ್ತಿನಾ?"

"ಪೂರ್ತಿ. ಗಾಲೇಲಿ ಹಂಗಲ್ಲ, ಗೋಡೆ ಗಟ್ಟಿಯಾಗವೆ. ಮ್ಯಾಲೆ ಒಳ್ಳೆ ಹುಲ್ಲು ಬೆಳದೈತೆ."

ರಮ್ಯ ಎದ್ದು ನಿಂತಳು. ಖಾಲಿಯಾದ ಜಾಗಕ್ಕೆ ಶಿವಲಿಂಗಮ್ಮ ನೋಯುವ ಮಂಡಿಯನ್ನು ಎಳೆದುಕೊಂಡು ಸರಿದರು.

"ಮೊದಲಿಂದ ಹೇಳು," ಎಂದರು. "ಕೊಲಂಬೊದಿಂದ."